ಮಾಳಿಂಗಪ್ಪ ಹಗಲಲ್ಲಿ ಓಡಿದ್ದು

ಆ ದಿನ ದರ್ಜಿ ಮಾಳಿಂಗಪ್ಪನಿಗೆ ಎಚ್ಚರವಾಗುವುದು ತಡವಾಯಿತು. ನಡೆದುದಕ್ಕೆಲ್ಲ ಕಾರಣ ಅಷ್ಟೇ.

ಮನಗೂಳಿಯ ದವಾಖಾನೆಗೆ ಒಂದು ಹೆರಿಗೆ ಕೋಣೆ ಕಟ್ಟಿಸಬೇಕೆಂದು ಯುವಕ ಮಂಡಳದವರು ಬಸವನ ಬಾಗೇವಾಡಿಯವರೆಗೆ ಓಟ ಇಟ್ಟಿದ್ದರು. ಓಡಿದವರ ಹೆಸರಿನಲ್ಲಿ ಒಂದೊಂದು ಮೈಲಿಗೆ ಇಷ್ಟು ದುಡ್ಡೆಂದು ಅಂಗಡಿಕಾರರು ಪಟ್ಟಿ ಕೊಡಬೇಕು. "ಮೊದಲ ಓಡ್ರಿ, ಆಮ್ಯಾಲ ನೋಡೂಣು" ಎಂದು ಅವರೆಲ್ಲ ಕೈ ಝಾಡಿಸಿದ್ದರು. ಓಡಲು ಹೆಸರು ಕೊಟ್ಟವರಲ್ಲಿ ಹೊಲಿಗೆ ಮಷಿನ್ ತುಳಿಯುವುದು ಬಿಟ್ಟು ಕಾಲಿಗೆ ಬೇರೆ ಕೆಲಸ ಗೊತ್ತಿಲ್ಲದವನು ಮಾಳಿಂಗಪ್ಪನೊಬ್ಬನೇ. ಯಾಕೆ ಕೊಟ್ಟೆ ಎಂದು ಯಾರೂ ಕೇಳಲಿಲ್ಲ. ಹಿಂದೊಮ್ಮೆ ಅವನ ಹೆಂಡತಿ ಶೇವಂತೆವ್ವ ಬೇನೆ ತಿನ್ನುತ್ತ ಚಕ್ಕಡಿಯಲ್ಲಿ ಬಿಜಾಪುರದ ಹಾದಿ ಹಿಡಿದಿದ್ದಳು. ಕೂಸು ನಡುದಾರಿಯಲ್ಲಿ ಹುಟ್ಟಿ, ಅಲ್ಲೇ ಕಣ್ಣು ಮುಚ್ಚಿತ್ತು. ಗಂಡ ಹೆಂಡತಿ ಆ ಮಾತನ್ನು ಮತ್ತೆ ಎತ್ತಿರಲಿಲ್ಲ.

ಈಗ ಅವಳಿಗೆ ಮತ್ತೆ ದಿನ ತುಂಬಿದ್ದವು. ಹಡೆಯಲು ತವರೂರು ಹೊರ್ತಿಗೆ ಹೋಗಿದ್ದಳು.

ಓಟದ ತಯಾರಿಗೆಂದು ದಿನಾಲು ನಸುಕಿನಲ್ಲಿ, ಯಾರಿಗೂ ಕಾಣದ ಹಾಗೆ ಓಡಿಬರುತ್ತಿದ್ದ ಮಾಳಿಂಗಪ್ಪ ಅಂದು ಬಿಸಿಲೇರಿದ ಮೇಲೆ ಎದ್ದು, ಧೋತರವನ್ನು ಮೊಣಕಾಲ ಮೇಲೆ ಬಿಗಿದು, ಸಂತೆಯ ನಡುವೆಯೇ ಓಡಿದ. ನಮ್ಮ ಕಡೆ ಸಂಸಾರಸ್ಥ ಗಂಡಸು ಓಡುವುದು ಬಣವೆಗೆ ಬೆಂಕಿ ಬಿದ್ದಾಗ, ಇಲ್ಲವೆ ಯಾರಾದರೂ ಸತ್ತಾಗ. ಹೊಗೆ ಎಲ್ಲೂ ಕಾಣುತ್ತಿರಲಿಲ್ಲ.

ಬದನೆಕಾಯಿ ಆರಿಸುತ್ತಿದ್ದ ನೆರೆಮನೆಯ ಸಾವಂತ್ರವ್ವ ಎದೆ ಬಡಿದುಕೊಂಡಳು.

"ಅಯ್ಯ ನಮ್ಮವ್ವಾ! ಮಾಳಿಂಗಪ್ಪ ಹ್ಯಾಂಗ ಓಡಾಕತ್ತಾನ ನೋಡ್ರೆ! ಹೊರ್ತಿಂದ ಸುದ್ದಿ ಬಂದಿರಬೇಕು. ಹಡ್ಯಾಕ ಹೋದಾಕಿ ಹೋಗೇಬಿಟ್ಲು!"

ಬಸ್ ಸ್ಟ್ಯಾಂಡಿನ ಹತ್ತಿರ ಹತ್ತಾರು ಕೈಗಳು ಅವನನ್ನು ಹಿಡಿದು ನಿಲ್ಲಿಸಿದವು. ಮಂಡಳದ ಅಧ್ಯಕ್ಷ ಬಸಂತರಾಯ ಅವನ ಎರಡೂ ಭುಜ ಹಿಡಿದು ಕೇಳಿದ: "ಏನಾತೋ ತಮ್ಮಾ?"

'ಹೋಗಾಕ ಬಿಡ್ರಿ' ಎನ್ನಬೇಕೆಂದಿದ್ದ ಮಾಳಿಂಗಪ್ಪ. ಉಸಿರು ಹತ್ತದೆ "ಹೋ... ಹೋ..." ಎಂದಷ್ಟೇ ಬಂತು.

"ಹೋದ್ಲಂತ್ರೆಪಾ!" ಎಂದು ಸಾವಂತ್ರವ್ವ ಚೀರಿದಳು.

ಅವನ ಹಣೆಯ ಬೆವರು ಕಣ್ಣಿಗಿಳಿದು ಕೆನ್ನೆ ಮೇಲೆ ಹರಿಯುತ್ತಿತ್ತು. ಅದನ್ನು ಕಂಡು ಹೆಂಗಸರು ಸೆರಗು ಬಾಯಿಗೆ ಇಟ್ಟರು. ಬಸಂತರಾಯ ಕಟ್ಟೆ ಹತ್ತಿ ಟವೆಲ್ ಹಾಸಿದ. "ಊರಾಗ ಒಂದು ಹೆರಿಗಿ ಕೋಣಿ ಇದ್ದಿದ್ರ ಆ ಹೆಣ್ಣಮಗಳು ಯಾಕ ಸಾಯತಿದ್ಲು? ಕೈ ಬಿಚ್ಚರ್ಯೋ!" ಕೈ ಝಾಡಿಸಿದ್ದ ಅಂಗಡಿಕಾರರೇ ಮೂಗು ಒರೆಸುತ್ತ ಟವೆಲ್ ತುಂಬಿಸಿದರು.

ಅಷ್ಟರಲ್ಲಿ ಸೊಲ್ಲಾಪುರಕ್ಕೆ ಹೊರಟಿದ್ದ ಹತ್ತಿಕಾಳಿನ ಲಾರಿಯನ್ನು ಯಾರೋ ನಿಲ್ಲಿಸಿ, ಮಾಳಿಂಗಪ್ಪನನ್ನು ಮೂಟೆಯಂತೆ ಎತ್ತಿ ಒಳಗೆ ಹಾಕಿದರು. ಸಾವಂತ್ರವ್ವ, ಗಂಟು ಕಟ್ಟಿದ ಟವೆಲಿನೊಡನೆ ಬಸಂತರಾಯ ಅವನ ಎಡಬಲಕ್ಕೆ ಕುಳಿತರು.

ಉಸಿರು ಸಮವಾದ ಮೇಲೆ ಮಾಳಿಂಗಪ್ಪ ಕೇಳಿದ: "ಯಾರು ಹೋದ್ರು?"

"ಪಾಪ, ಇನ್ನಾ ನಂಬಿಗಿ ಬರವಲ್ದು ಅವಗ," ಎಂದು ಸಾವಂತ್ರವ್ವ ಅವನ ಬೆನ್ನು ಸವರಿದಳು. "ಶೇವಂತೆವ್ವ ಪುಣ್ಯವಂತಿ. ಅಳಬ್ಯಾಡೋ ಯಪ್ಪಾ."

ಮಾಳಿಂಗಪ್ಪ ನಂಬಿಬಿಟ್ಟ. ತಾನು ಸತ್ತವರ ಹಾಗೆ ಮಲಗಿದ್ದಾಗ ಸುದ್ದಿ ಬಂದಿರಬೇಕು. ಊರಿಗೆಲ್ಲ ತಿಳಿದದ್ದು ತನಗೊಬ್ಬನಿಗೇ ತಿಳಿದಿರಲಿಲ್ಲ. ಹತ್ತಿಕಾಳಿನ ಚೀಲಕ್ಕೆ ಮುಖ ಒತ್ತಿ ಹೊರ್ತಿ ಬರುವವರೆಗೂ ಅತ್ತ.

ಲಾರಿಯಿಂದ ಇಳಿಯುವ ಮೊದಲೇ ಸಾವಂತ್ರವ್ವ ಅಳುವ ರಾಗ ತೆಗೆದಳು. ತೆಗೆದವಳು ಗಕ್ಕನೆ ನಿಲ್ಲಿಸಿದಳು. ತವರುಮನೆಯ ಅಂಗಳದಲ್ಲಿ ಶೇವಂತೆವ್ವ ಕಾಲು ಚಾಚಿ ಕುಳಿತು ಹುರಿದ ಶೇಂಗಾ ತಿನ್ನುತ್ತಿದ್ದಳು.

"ಯಾಕ್ರಿ, ಯಾರು ಸತ್ರು?" ಎಂದಳು ಗಾಬರಿಯಿಂದ.

"ನೀ!" ಎಂದವನೇ ಮಾಳಿಂಗಪ್ಪ ಅವಳ ಕಾಲ ಹತ್ತಿರ ಕುಸಿದು ಕುಳಿತ.

ಎಲ್ಲ ಕೇಳಿ ಶೇವಂತೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗದೆ ಕುಳಿತವನು ಬಸಂತರಾಯನೊಬ್ಬನೇ. ಟವೆಲ್ ಗಂಟು ತೊಡೆಯ ಮೇಲಿತ್ತು.

"ನೀ ಜೀವಂತ ಇದ್ದದ್ದು ಭಾಳ ಛಲೋ ಆತು ಬಿಡವ್ವಾ," ಎಂದ ಸಪ್ಪೆ ಮೋರೆಯಿಂದ. "ಆದ್ರ ಇದನ್ನ ತಿರುಗಿ ಕೊಡಬೇಕಲ್ಲ. ಗೋಡಿ ಏಳೂವಷ್ಟು ಕೂಡೈತಿ. ನಕ್ಕ ಮಂದಿ ಮತ್ತ ಕೊಡೂದಿಲ್ಲ. ನಾವು ಬಾಗೇವಾಡಿ ಅಲ್ಲ, ಕಾಶಿತನಾ ಓಡಿದ್ರೂ ಕೊಡೂದಿಲ್ಲ."

"ಮಂದಿ ಏನಂದ್ರು ನನಗ?"

"ನಿನ್ನಂಥಾ ಗುಣವಂತಿ ಊರಾಗ ಹುಟ್ಟಿಲ್ಲ ಅಂದ್ರು," ಎಂದಳು ಸಾವಂತ್ರವ್ವ.

"ಹೌದೇನು! ಇದ್ದಾಗ ಒಬ್ರೂ ಅನ್ನಲಿಲ್ಲ." ಶೇವಂತೆವ್ವ ಶೇಂಗಾ ಬದಿಗಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಹೇಳಿದಳು: "ತಿರುಗಿ ಕೊಡಬ್ಯಾಡ್ರಿ. ಆ ಕೋಣಿ ಗೋಡಿ ಎದ್ದು ಮ್ಯಾಲ ಛತ್ತ ಹಾಕೂತನಾ ನಾ ಸತ್ತಾಕೀನ. ಇಲ್ಲೇ ಇರ್ತೇನಿ."

"ಮತ್ತ ನಾ?" ಎಂದ ಮಾಳಿಂಗಪ್ಪ.

"ನೀವು ಅಳಕೋತ ಇರ್ರಿ. ಚಕ್ಕಡ್ಯಾಗ ಹೋದ ಕೂಸಿಗೆ ನಾವು ಕೂಡಿ ಅತ್ತೇ ಇಲ್ಲ. ನನ್ನ ಪಾಲಿಂದೂ ಅತ್ತುಬಿಡ್ರಿ."

ಸಾವಂತ್ರವ್ವ ಬಾಯಿ ಬಿಡುವುದಿಲ್ಲವೆಂದು ಮನೆದೇವರ ಆಣೆ ಮಾಡಿದಳು. ಹುಟ್ಟಿದಾಗಿನಿಂದ ಆ ಬಾಯಿಗೆ ಅಂಥ ಶಿಕ್ಷೆ ಯಾರೂ ಕೊಟ್ಟಿರಲಿಲ್ಲ.

ಸಂಜೆಯ ಬಸ್ಸಿಗೆ ಮಾಳಿಂಗಪ್ಪ ಇಬ್ಬರೊಡನೆ ಮನಗೂಳಿಗೆ ಮರಳಿ, ತಲೆಯ ಮೇಲೆ ಟವೆಲ್ ಹಾಕಿಕೊಂಡು ತನ್ನ ಕಟ್ಟೆಯ ಮೇಲೆ ಕುಳಿತ. ಮಣ್ಣು ಹೊರ್ತಿಯಲ್ಲೇ ಮುಗಿಯಿತೆಂದು ಬಸಂತರಾಯ ಮಂದಿಗೆ ಹೇಳಿದ. ಓಣಿಯವರು ರೊಟ್ಟಿಯ ಬುತ್ತಿ ತಂದರು, ಶೇವಂತೆವ್ವನ ಗುಣಗಾನ ಮಾಡಿದರು. ಸುಳ್ಳು ಅಳುವುದು ಹೇಗೆಂದು ಬಸ್ಸಿನಲ್ಲೆಲ್ಲ ಹೆದರಿದ್ದ. ಆದರೆ ಆ ಚಕ್ಕಡಿ, ಆ ಹಾದಿ ಕಣ್ಣಿಗೆ ಕಟ್ಟಿತು. ಅಳು ತಾನಾಗಿ ಬಂತು, ನಿಲ್ಲಿಸಹೋದರೂ ನಿಲ್ಲಲಿಲ್ಲ. ನೋಡಿದವರೂ ಅತ್ತರು.

ಆಗ ಅವನ ಬಳಗದ ಹಿರಿಯ, ಕುರಿ ವ್ಯಾಪಾರದ ಸೋಮನಿಂಗ, ಮೀಸೆ ಒರೆಸಿಕೊಂಡು ಮುಂದೆ ಬಂದ.

"ಹೇಣ್ತಿಗೆ ಇಷ್ಟು ಅಳಾವ ಗಂಡಸನ್ನ ನಾ ಕಂಡಿಲ್ಲ. ಆ ಕೋಣಿ ಛತ್ತಿನ ಖರ್ಚು ಎಲ್ಲಾ ನಂದು," ಎಂದ. ಮಂದಿ ಭಲೆ ಅಂದರು. ಟವೆಲಿನ ಕೆಳಗೆ ಮಾಳಿಂಗಪ್ಪನ ಮುಖ ಅರಳಿತು. ಸೋಮನಿಂಗ ಬಗ್ಗಿ, ಮೆಲ್ಲಗೆ ಮುಂದುವರಿಸಿದ: "ಒಂದ ಮಾತು. ನನ್ನ ತಂಗಿ ಮಗಳು ಶಂಕ್ರೆವ್ವ ಲಗ್ನಕ್ಕ ಬಂದು ಕುಂತಾಳ. ಆಕೀನ್ನ ನೀ ತಗೋಬೇಕು. ಲಗ್ನದ ಅಕ್ಕಿಕಾಳು ಬಿದ್ದ ದಿನಾನ ಛತ್ತಿನ ಕೆಲಸ ಚಾಲೂ."

ಮಾಳಿಂಗಪ್ಪ ಬಸಂತರಾಯನ ಕಡೆ ನೋಡಿದ. ಬಸಂತರಾಯ ನೆಲ ನೋಡುತ್ತ ಪಿಸುಗುಟ್ಟಿದ: "ಹೂಂ ಅನ್ನೋ ತಮ್ಮಾ. ಛತ್ತಿನ ಮಾತೈತಿ."

ಮಾಳಿಂಗಪ್ಪ ಎದ್ದು ಓಡಲು ನೋಡಿದ. ಸಮಾಧಾನ ಹೇಳಲು ಬಂದವರು ಅವನ ಎರಡೂ ಹೆಗಲು ಒತ್ತಿ ಹಿಡಿದು ಅಲ್ಲೇ ಕೂರಿಸಿದರು.