ಅಪ್ಪ ಕಟ್ಟಿದ ಸ್ಟೇಷನ್, ನಾನು ಗೆದ್ದ ವಾದ

ವಾದದಲ್ಲಿ ಗೆಲ್ಲುವುದು ಕಷ್ಟವೇನಲ್ಲ. ಗೆದ್ದಮೇಲೆ ಸೋತವರ ಜೊತೆ ಅದೇ ಮನೆಯಲ್ಲಿ ಊಟಕ್ಕೆ ಕೂರಬೇಕಾಗುತ್ತದಲ್ಲ, ಅದು ಕಷ್ಟ. ಚರ್ಚಾಸ್ಪರ್ಧೆಯ ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಎದುರಾಳಿಯ ಮಾತಿನಲ್ಲಿ ಸಡಿಲವಾದ ಕಲ್ಲು ಯಾವುದೆಂದು ಹುಡುಕು, ಅದನ್ನು ಎಳೆ, ಗೋಡೆ ಬಿದ್ದಮೇಲೆ ತೀರ್ಪುಗಾರರ ಕಡೆ ತಿರುಗಿ ಕೈಮುಗಿ. ನಮ್ಮ ವಿದ್ಯೆ ಇಷ್ಟೇ. ಈ ವಿದ್ಯೆ ನನಗೆ ಹುಟ್ಟಿನಿಂದಲೇ ಅಂಟಿತ್ತೆಂದು ಮನೆಯವರು ಹೇಳುತ್ತಾರೆ. ಗುಡೂರಿನ ಅಜ್ಜಿ ಒಮ್ಮೆ "ದೇವ್ರು ಎಲ್ಲಾ ಕಡೆ ಅದಾನ" ಅಂದಾಗ ಆರು ವರ್ಷದ ನಾನು "ಹಂಗಾದ್ರ ದಿನಾ ಗುಡಿಗ್ಯಾಕ ಹೊಕ್ಕಿ?" ಎಂದು ಕೇಳಿ ಬೆನ್ನ ಮೇಲೆ ಒಂದು ಗುದ್ದು ತಿಂದಿದ್ದೆ. ಅಜ್ಜಿಯ ತರ್ಕಕ್ಕಿಂತ ಕೈ ಗಟ್ಟಿಯಿತ್ತು. ಈಗ ವಿದ್ಯಾಗಿರಿಯ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಬೇಸಿಗೆ ರಜೆ ಬಂದೊಡನೆ ಮನೆಗೆ ಕಳಿಸಿಬಿಡುತ್ತಾರೆ, ಆ ಅರ್ಥದಲ್ಲಿ ಅತಿಥಿ. ಉಳಿದ ತಿಂಗಳುಗಳಲ್ಲಿ ಮಕ್ಕಳಿಗೆ ಕಲ್ಲು ಎಳೆಯುವುದನ್ನು ಕಲಿಸುತ್ತೇನೆ.

ನಾನು ಎಳೆದ ಕಲ್ಲುಗಳಲ್ಲಿ ಒಂದು ಅಪ್ಪನದು. ಅಪ್ಪ ಬಾದಾಮಿ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಬರುವ ಗಾಡಿಗೆ ಹಳಿ ಕೂಡಿಸುವುದು, ಬಾವುಟ ತೋರಿಸುವುದು, ಹೋದ ಗಾಡಿಯ ಬಾಲದ ಕೆಂಪು ಗುರುತು ಕಾಣುವವರೆಗೆ ನಿಂತು ನೋಡುವುದು, ಇದು ಅವನ ಕೆಲಸ. ಇಡೀ ಸರ್ವೀಸಿನಲ್ಲಿ ಅವನ ಹತ್ತಿರ ಹೇಳಿಕೊಳ್ಳುವಂಥ ಕಥೆ ಇದ್ದದ್ದು ಒಂದೇ. ನಾನು ಹುಟ್ಟುವ ಮೊದಲು, ಒಂದು ಮಳೆಗಾಲದ ಬೆಳಗ್ಗೆ, ತಿರುವಿನ ಹತ್ತಿರ ಗುಡ್ಡದಿಂದ ಕೆಂಪು ಬಂಡೆಯೊಂದು ಉರುಳಿ ಹಳಿಯ ಮೇಲೆ ಬಿದ್ದಿತ್ತು. ಅಪ್ಪ ಕ್ಯಾಬಿನ್ನಿನ ಕಿಟಕಿಯಿಂದ ಅದನ್ನು ನೋಡಿ, ಕೆಂಪು ಬಾವುಟ ಹಿಡಿದು ಓಡಿ, ಬರುತ್ತಿದ್ದ ಪ್ಯಾಸೆಂಜರ್ ಗಾಡಿಯನ್ನು ನಿಲ್ಲಿಸಿದ. ಇಲಾಖೆಯವರು ಪ್ರಶಂಸಾಪತ್ರ ಕೊಟ್ಟರು. ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಈ ಕಥೆಯೂ ಇರುತ್ತಿತ್ತು. ಅವ್ವ ಮಾತ್ರ ಕಥೆ ಶುರುವಾದೊಡನೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ನೂರು ಸಲ ಕೇಳಿ ಬೇಸತ್ತಿದ್ದಾಳೆಂದು ನಾನು ತಿಳಿದಿದ್ದೆ.

ಡಿಗ್ರಿಯಲ್ಲಿದ್ದಾಗ ಅಂತರಕಾಲೇಜು ಚರ್ಚೆಯ ಅಂತಿಮ ಸುತ್ತಿಗೆ ಬಂದೆ. ವಿಷಯ, ಕಣ್ಣಾರೆ ಕಂಡದ್ದೇ ಸತ್ಯ. ನನ್ನದು ವಿರೋಧ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪ ಎರಡನೇ ಸಾಲಿನಲ್ಲಿ ಕೂತಿದ್ದ. ಮಾತಿನ ಬಿಸಿಯಲ್ಲಿ ನನಗೊಂದು ಉದಾಹರಣೆ ಬೇಕಾಯಿತು. "ನಮ್ಮ ಮನೆಯಲ್ಲೇ ಒಬ್ಬ ಪ್ರತ್ಯಕ್ಷದರ್ಶಿ ಇದ್ದಾರೆ" ಎಂದು ಶುರು ಮಾಡಿದೆ. ಚಿಕ್ಕವಳಿದ್ದಾಗ ರಜೆಯಲ್ಲಿ ಆ ಸ್ಟೇಷನ್ನಿನಲ್ಲಿ ಆಡಿದವಳು ನಾನು. ಕ್ಯಾಬಿನ್ನಿಗೂ ತಿರುವಿಗೂ ನಡುವೆ ಸರಕಿನ ಗೋದಾಮು ಇದೆ. ಬೆಳಕು ನೇರವಾಗಿ ಹೋಗುತ್ತದೆಯೇ ಹೊರತು ಗೋದಾಮನ್ನು ಪ್ರದಕ್ಷಿಣೆ ಹಾಕುವುದಿಲ್ಲ. ಹಾಗಾದರೆ ನಮ್ಮಪ್ಪ ನೋಡಿದ್ದೇನು? ಸಭೆ ಬಿದ್ದು ಬಿದ್ದು ನಕ್ಕಿತು. ಕಪ್ ನನಗೆ ಬಂತು. ಅಪ್ಪನೂ ಚಪ್ಪಾಳೆ ಹೊಡೆದ. ಹೊರಗೆ ಬಂದಮೇಲೆ "ಹಸಿವಿ ಆಗೇತೇನ?" ಎಂದಷ್ಟೇ ಕೇಳಿದ. ಅಂದಿನಿಂದ ನಮ್ಮ ಮನೆಗೆ ಬಂದವರಿಗೆ ಬರೀ ಚಹಾ.

ಇದಾದ ಏಳನೇ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಗ್ಗೆ ಹೋದವು. ಮಾತಿನಲ್ಲಿ ಒಂದು ತುಣುಕು ಮಾತ್ರ ಉಳಿಯಿತು: "ಆತ್ ಬಿಡ." ಅಪ್ಪಾ, ಚಹಾ ಕುಡೀತಿಯೇನು? ಆತ್ ಬಿಡ. ನೋವೈತೇನು? ಆತ್ ಬಿಡ. ನಾನು ಯಾರು ಹೇಳು? ಆತ್ ಬಿಡ. ಏನೇ ಅಂದರೂ ಒಪ್ಪಿಬಿಡುವವನ ಜೊತೆ ವಾದ ಮಾಡಿದ್ದೀರಾ? ನಾನು ಮಾಡಿದ್ದೇನೆ. ದಿನಕ್ಕೆ ಹತ್ತು ಸಲ ಗೆದ್ದಿದ್ದೇನೆ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನನಗೆ ಇನ್ನೂ ಯಾರೂ ಕೊಟ್ಟಿಲ್ಲ. ಎರಡನೆಯ ಹೊಡೆತ ಯಾವಾಗ ಬೇಕಾದರೂ ಬರಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಕೈಕಾಲು ತಿಕ್ಕಲು ಬರುತ್ತಿದ್ದ ಫಿಸಿಯೋಥೆರಪಿಯವರು ಒಂದು ದಿನ ಅಂದರು, "ಅಕ್ಕಾರ, ಸಣ್ಣ ಹುಡುಗೂರು ಆಡ್ತಾವಲ್ರಿ, ಒಂದಕ್ಕೊಂದು ಕೂಡಸೂ ಪ್ಲಾಸ್ಟಿಕ್ ಇಟ್ಟಂಗಿ, ಅವನ್ನ ತಂದ್ಕೊಡ್ರಿ. ಹಚ್ಚೂದು, ಕೀಳೂದು. ಬೆರಳಿಗೆ ಅದ ವ್ಯಾಯಾಮ." ಪ್ಯಾಟೆಯಿಂದ ಒಂದು ಡಬ್ಬ ತಂದೆ. ಅವ್ವ ಅದನ್ನು ನೋಡಿ, "ಹಲ್ಲು ಬಿದ್ದಾವು. ಇನ್ನ ಬಾಲವಾಡಿಗಿ ಹಚ್ಚೂದೊಂದು ಉಳಿದಿತ್ತು ನೋಡ್ರಿ" ಎಂದು ಅಪ್ಪನನ್ನು ಛೇಡಿಸಿದಳು. ಅಪ್ಪ ಅರ್ಧ ಮುಖದಲ್ಲಿ ನಕ್ಕ. ಮೊದಲ ವಾರ ಹಚ್ಚಿದ, ಕಿತ್ತ. ಎರಡನೇ ವಾರ ಒಂದು ಉದ್ದನೆಯ ಕಟ್ಟೆ ಎದ್ದಿತು. ಮೂರನೇ ವಾರ ಅದರ ಮೇಲೆ ಕಂಬ, ಕಂಬದ ಮೇಲೆ ಚಾವಣಿ. ಆಗ ನನಗೆ ತಿಳಿಯಿತು, ಇದು ಪ್ಲಾಟ್‌ಫಾರ್ಮು. ಆ ಸ್ಟೇಷನ್ನಿನದು.

ಮಕ್ಕಳ ಡಬ್ಬದ ಬಣ್ಣಗಳಿಂದಾಗಿ ಸ್ಟೇಷನ್ನು ಗುಲಾಬಿ ಗೋಡೆ, ಗಿಳಿಹಸಿರು ಚಾವಣಿಯ ಮದುವೆ ಮಂಟಪದಂತೆ ಕಾಣುತ್ತಿತ್ತು. ಆನ್‌ಲೈನಿನಲ್ಲಿ ಹುಡುಕಿ, ಯಾರೋ ಆಡಿ ಬಿಟ್ಟ ಇಟ್ಟಿಗೆಗಳನ್ನು ಒಂದು ಚೀಲ ತರಿಸಿದೆ. ಅವ್ವ ಅವನ್ನು ಮೊರಕ್ಕೆ ಹಾಕಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಕೆಂಪು ಬೇರೆ, ಬೂದು ಬೇರೆ ಮಾಡಿಕೊಟ್ಟಳು. ಪಡಸಾಲೆಯಲ್ಲಿ ಎರಡು ಸ್ಟೂಲಿನ ಮೇಲೆ ಹಳೆಯ ಬಾಗಿಲು ಅಡ್ಡ ಹಾಕಿದೆವು. ನಾನು ಬಲಗೈಯಾದೆ, ಅಪ್ಪ ತೋರಿಸಿದಲ್ಲಿ ಒತ್ತುವುದು ನನ್ನ ಕೆಲಸ. ಅಳತೆ ಅಪ್ಪನದೇ. ಅವನ ಒಂದು ಹೆಜ್ಜೆಗೆ ಇಟ್ಟಿಗೆಯ ಮೇಲೆ ಉಬ್ಬಿದ ಒಂದು ಗುಂಡಿ. ಕ್ಯಾಬಿನ್ನಿನಿಂದ ಗೋದಾಮಿಗೆ ಎಷ್ಟು ಎಂದರೆ ಎಡಗೈ ಬೆರಳು ನಾಲ್ಕು ಎತ್ತುತ್ತಿದ್ದ, ಆಮೇಲೆ ಮಡಿಸಿ ತೆಗೆದು ಆರು ಎಣಿಸುತ್ತಿದ್ದ. ನಲವತ್ತಾರು ಹೆಜ್ಜೆ. ಬಾಯಿ ಹೋದರೂ ಕಾಲು ಮರೆತಿರಲಿಲ್ಲ. ನಾನು ಸುಮ್ಮನಿರಬೇಕಲ್ಲ, "ಅಪ್ಪಾ, ಈ ಲೆಕ್ಕಕ್ಕ ಡಬ್ಬಿಯೊಳಗಿನ ಗೊಂಬಿ ಹನ್ನೆರಡು ಅಡಿ ಎತ್ತರ ಆಗ್ತಾನ" ಎಂದೆ. ಅಪ್ಪ ಗೊಂಬೆಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಎರಡು ಪುಟ್ಟ ತುಣುಕುಗಳನ್ನು ಒಂದರ ಮೇಲೊಂದು ನಿಲ್ಲಿಸಿದ. ಅಂದಿನಿಂದ ನಮ್ಮ ಸ್ಟೇಷನ್ನಿನಲ್ಲಿ ನಿಂತ ಮನುಷ್ಯ ಎಂದರೆ ಎರಡು ತುಣುಕು. ಡಬ್ಬದ ಜೊತೆ ಬಂದ ಹಳಿ ಈ ಅಳತೆಗೆ ಹೆದ್ದಾರಿಯಷ್ಟು ಅಗಲವಾಗುತ್ತಿತ್ತು. ಅದನ್ನೂ ಬಿಟ್ಟು ಬೂದು ಪಟ್ಟಿಗಳಿಂದ ಸ್ವಂತ ಹಳಿ ಮಾಡಿದ. ಪ್ರತಿ ಜೋಡಣೆಯಲ್ಲಿ ಕೂದಲಿನಷ್ಟು ಸಡಿಲ ಇರುತ್ತದೆ. ಅಷ್ಟಷ್ಟೇ ಬಾಗಿಸುತ್ತ ಹೋಗಿ ತಿರುವು ತಂದ. ನೀಲಿ ಡಬ್ಬಿಗಳ ಗಾಡಿ ಮಾಡಿದೆವು. ಕೊನೆಯ ಡಬ್ಬಿಯ ಹಿಂದೆ ಒಂದು ಕೆಂಪು ತುಣುಕು ಅಂಟಿಸುವವರೆಗೆ ಅದನ್ನು ಗಾಡಿಯೆಂದು ಅಪ್ಪ ಒಪ್ಪಲಿಲ್ಲ.

ತಿರುವು ಮೂಡಿದ ದಿನ ನನಗೆ ಎಲ್ಲ ಸ್ಪಷ್ಟವಾಯಿತು. ಮಾತಿಲ್ಲದ ಅಪ್ಪ ಏಳು ವರ್ಷದ ಹಿಂದಿನ ನನ್ನ ವಾದಕ್ಕೆ ಇಟ್ಟಿಗೆಯಲ್ಲಿ ಉತ್ತರ ಕಟ್ಟುತ್ತಿದ್ದಾನೆ! ನಿಜವಾದ ಸ್ಟೇಷನ್ನಿಗೆ ಹೋಗಿ ನೋಡೋಣವೆಂದರೆ ಜೋಡಿ ಹಳಿ ಹಾಕುವಾಗ ಹಳೆಯ ಕ್ಯಾಬಿನ್ನು, ಗೋದಾಮು ಎರಡೂ ಹೋಗಿವೆ. ಸಾಕ್ಷಿ ಉಳಿದಿದ್ದರೆ ಈ ಬಾಗಿಲ ಹಲಗೆಯ ಮೇಲೆ ಮಾತ್ರ. ಗೋದಾಮನ್ನು ಗಿಡ್ಡ ಮಾಡಿ ಮೋಸ ಮಾಡುತ್ತಾನೆಂದು ನಾನು ಕಣ್ಣಿಟ್ಟು ಕಾದೆ. ಮಾಡಲಿಲ್ಲ. ಇದ್ದಷ್ಟೇ ಎತ್ತರಕ್ಕೆ ಕಟ್ಟಿದ. ಅವ್ವನ ಹೊಲಿಗೆ ದಾರ ತಂದು ಕ್ಯಾಬಿನ್ನಿನ ಕಿಟಕಿಯಿಂದ ತಿರುವಿನಲ್ಲಿ ಬಂಡೆ ಬಿದ್ದ ಜಾಗಕ್ಕೆ ಎಳೆದೆ. ದಾರ ಗೋದಾಮಿನ ಗೋಡೆಗೆ ಬಡಿಯಿತು. ಅದೇ ವಾದವನ್ನು ನಾನು ಎರಡನೇ ಸಲ ಗೆದ್ದೆ. "ಗೋದಾಮು ಇಷ್ಟೆಲ್ಲಿ ಎತ್ತರ ಇತ್ತು ಬಿಡಪಾ" ಎಂದು ಮೇಲಿನ ಎರಡು ಸಾಲು ಇಟ್ಟಿಗೆ ಕಿತ್ತೆ. ಜೀವನದಲ್ಲಿ ನಾನು ಉದಾರವಾಗಿ ಹೇಳಿದ ಮೊದಲ ಸುಳ್ಳು ಅದು. ಅಪ್ಪ ನನ್ನ ಕೈಯಿಂದ ಆ ಸಾಲುಗಳನ್ನು ಕಸಿದುಕೊಂಡು ಮತ್ತೆ ಒತ್ತಿದ. "ಆತ್ ಬಿಡ" ಎಂದ. ಆಮೇಲೆ ಗುಡ್ಡ ಕಟ್ಟಲು ಶುರು ಮಾಡಿದ.

ಸ್ಟೇಷನ್ನಿನ ಹಿಂದಿನ ಗುಡ್ಡ ಹದಿನೈದು ದಿನ ತೆಗೆದುಕೊಂಡಿತು. ಅಲಂಕಾರಕ್ಕೆಂದು ನಾನು ತಿಳಿದೆ. ಗುಡ್ಡ ಮುಗಿದ ಬೆಳಗ್ಗೆ ಅಪ್ಪ ಅದರ ಮೇಲ್ಭಾಗದಲ್ಲಿ ಒಂದೇ ಒಂದು ಹಸಿರು ತುಣುಕು ಇಟ್ಟ. ಪಕ್ಕದಲ್ಲಿ ಇನ್ನೂ ಪುಟ್ಟದಾದ, ದುಂಡನೆಯ ಬೂದು ಬಿಲ್ಲೆ.

"ಇದೇನಪಾ, ಆಡೇನು?"

ಅಲ್ಲವೆಂದು ತಲೆಯಾಡಿಸಿದ.

"ಕಲ್ಲೇನು?"

ಅಪ್ಪ ಎಡಗೈ ಎತ್ತಿ ಅಡುಗೆಮನೆಯ ಕಡೆ ತೋರಿಸಿದ. ಅಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. "ಯವ್ವಾ, ಅಪ್ಪ ಕರ್ಯಾಕತ್ತಾನ ಬಾ" ಎಂದೆ. ಹಿಟ್ಟಿನ ಕೈಯಲ್ಲೇ ಬಂದ ಅವ್ವ ಗುಡ್ಡ ನೋಡಿ ಮೊದಲು ನಕ್ಕಳು. ಬಿಲ್ಲೆ ಕಂಡದ್ದೇ ಮುಖ ಕೆಂಪಾಯಿತು.

"ಅಯ್ಯ, ಇದನ್ಯಾಕ ಇಟ್ಟೀರಿ ಇಲ್ಲೆ? ಬಂದ ಮಂದಿ ನೋಡಿದ್ರ ಏನಂದಾರು!" ಎಂದು ಬಿಲ್ಲೆಯನ್ನು ಎತ್ತಿಕೊಂಡಳು. ಅಪ್ಪ ಅಂಗೈ ಚಾಚಿದ. ಅವಳು ಮುಷ್ಟಿ ಬಿಗಿದಳು.

"ಏನವ್ವಾ ಅದು?"

"ಏನಿಲ್ಲ. ನಿನ್ನ ತಲಿ."

"ಖರೆ ಹೇಳು."

"ಚೊಂಬು."

"ಯಾರ ಚೊಂಬು?"

"ನಂದು!" ಎಂದು ಸೆರಗು ಬಾಯಿಗೆ ಹಿಡಿದು ನೆಲಕ್ಕೆ ಕೂತುಬಿಟ್ಟಳು. ಆಮೇಲೆ ಹೇಳಿದಳು. "ಆಗ ನಾವು ಊರಾಗ ಬಾಡಿಗಿ ಮನ್ಯಾಗ ಇದ್ವಿ. ಆ ಊರಾಗ ಯಾರ ಮನ್ಯಾಗ ಪಾಯಖಾನಿ ಇತ್ತು? ಹೆಣ್ಮಕ್ಕಳು ನಸಿಕಿನ್ಯಾಗ ಆ ಗುಡ್ಡಕ್ಕ ಹೋಗ್ತಿದ್ವಿ. ಅವತ್ತು ನಾ ಒಬ್ಬಾಕಿ ಹಿಂದ ಉಳಿದಿದ್ದೆ. ಕುಂತಲ್ಲಿಂದ ನೋಡ್ತೇನಿ, ಹಳಿ ಮ್ಯಾಲ ಎಮ್ಮಿಯಷ್ಟು ಕಲ್ಲು! ಎದ್ದು ಸೆರಗು ಬೀಸಿ ಚೀರಿದೆ. ಇವ್ರಿಗೆ ಬರೇ ದನಿ ಕೇಳ್ಸೇತಿ. ನನಗ ಹಾವು ಕಡೀತು ಅಂತ ತಿಳಿದು ಓಡಿ ಬಂದ್ರು. ಹತ್ರ ಬಂದಮ್ಯಾಲ ನಾ ಕಲ್ಲಿನ ಕಡೆ ಕೈ ಮಾಡಿ ತೋರ್ಸಿದೆ. ಡ್ಯೂಟಿ ಮ್ಯಾಲ ಇದ್ರಲ್ಲ, ಕೈಯಾಗ ಬಾವುಟ ಇತ್ತು. ರೈಲಿಗಂತ ಏನು ಓಡಿರ್ಲಿಲ್ಲ ನಿಮ್ಮಪ್ಪ."

"ಮತ್ತ ನಿನ್ನ ಹೆಸರು ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ತಿದ್ರು? ಪಾಯಿಂಟ್ಸ್‌ಮನ್ನನ ಹೇಣ್ತಿ ಚೊಂಬು ಹಿಡ್ಕೊಂಡು ಕುಂತಾಗ ಗಾಡಿ ಉಳಿಸಿದ್ಲು ಅಂತ ಸಾಹೇಬ್ರು ಬರ್ಕೋತಿದ್ರೇನು? ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಂತ ನಾನ ಆಣಿ ಹಾಕಿಸ್ಕೊಂಡಿದ್ದೆ."

ಅಂದರೆ ಅವತ್ತು ಎರಡನೇ ಸಾಲಿನಲ್ಲಿ ಕೂತಿದ್ದ ಅಪ್ಪ ಒಂದು ವಾಕ್ಯದಲ್ಲಿ ನನ್ನನ್ನು ಸೋಲಿಸಬಹುದಿತ್ತು. ಅದರ ಬದಲು ಇಡೀ ಸಭೆಯ ಎದುರು ಸುಳ್ಳನಾಗಿ ಚಪ್ಪಾಳೆ ಹೊಡೆದ. ಗಾಡಿ ನಿಂತದ್ದಂತೂ ನಿಜ. ಅಪ್ಪ ನೋಡಿರದಿದ್ದರೆ ನೋಡಿದವರು ಯಾರು? ಇಷ್ಟು ಸಾದಾ ಪ್ರಶ್ನೆ ನನಗೆ ಏಳು ವರ್ಷ ಹೊಳೆದಿರಲಿಲ್ಲ. ಕಪ್ ಬಂದಮೇಲೆ ಪ್ರಶ್ನೆ ಯಾರಿಗೆ ಬೇಕು? ಅಪ್ಪ ಕಟ್ಟುತ್ತಿದ್ದದ್ದು ನನಗೆ ಉತ್ತರವೇ ಅಲ್ಲ. ಅವನಿಗೆ ಉಳಿದಿದ್ದ ದಿನಗಳಲ್ಲಿ ಹೆಂಡತಿಗೆ ಸಲ್ಲಬೇಕಾದ್ದನ್ನು ಅವಳ ಜಾಗದಲ್ಲಿ ಇಟ್ಟು ಹೋಗಬೇಕಿತ್ತು, ಅಷ್ಟೇ. ಅವ್ವ ಬಿಲ್ಲೆ ಕೊಡಲಿಲ್ಲವೆಂದು ಮಧ್ಯಾಹ್ನ ಬಾಯಿ ಬಿಗಿಹಿಡಿದು ಊಟ ಬಿಟ್ಟ. ಸಂಜೆಗೆ ಅವ್ವ ಸೋತಳು. "ಇರ್ಲಿ. ಮಂದಿ ಬಂದಾಗ ಮಾತ್ರ ತಗೀತೇನಿ" ಎಂಬ ಕರಾರಿನ ಮೇಲೆ ಚೊಂಬು ಗುಡ್ಡಕ್ಕೆ ಮರಳಿತು.

ನಾನು ಕ್ಷಮೆ ಕೇಳಬೇಕಿತ್ತು. ಆದರೆ ತಯಾರಿಯಿಲ್ಲದೆ ಮಾತಾಡುವುದು ನಮ್ಮ ತರಬೇತಿಯಲ್ಲಿಲ್ಲ. ನಾಲ್ಕು ಕರಡು ಮಾಡಿದೆ. ಮೊದಲನೆಯದು ಸಮರ್ಥನೆಯಂತೆ ಕೇಳಿಸಿತು, ಎರಡನೆಯದು ಭಾಷಣದಂತೆ. ನಾಲ್ಕನೆಯದನ್ನು ತಿದ್ದುತ್ತಿದ್ದಾಗ ಎರಡನೇ ಹೊಡೆತ ಬಂತು. ದವಾಖಾನೆಯ ಬಾಗಿಲಿಗೆ ಹೋಗುವಷ್ಟೂ ಹೊತ್ತು ಸಿಗಲಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಸ್ಟೇಷನ್ನನ್ನು ಹೊರಗೆ ಸಾಗಿಸಲು ಮನೆಯ ಬಾಗಿಲು ಸಾಲಲಿಲ್ಲ. ಎದುರು ಗೋಡೆಗೆ ಸರಿಸಿದರು. ಹೀಗಾಗಿ ಅಪ್ಪ ತನ್ನ ಸ್ಟೇಷನ್ನಿಗೆ ಮುಖ ಮಾಡಿ ಕೂತ. ನೋಡುತ್ತಿದ್ದ ಎಂದು ನಾನು ಹೇಳಲಾರೆ. ಎದುರಿಗಿತ್ತು, ಅಷ್ಟೇ.

ನಾಲ್ಕನೇ ದಿನ ಮಾತಾಡಿಸಲು ಬಂದವರಲ್ಲಿ ಅದೇ ಸ್ಟೇಷನ್ನಿನ ಹಳೆಯ ಮಾಸ್ತರರೂ ಇದ್ದರು. ಬಂಡೆಯ ವರದಿ ಬರೆದವರು ಅವರೇ. ಇಟ್ಟಿಗೆಯ ಸ್ಟೇಷನ್ನು ಕಂಡು ಕಣ್ಣೊರೆಸಿಕೊಂಡು ನೆಂಟರ ಕಡೆ ತಿರುಗಿದರು. "ಅಂಥಾ ಕಣ್ಣು ಇತ್ರಿ ಅವಂದು. ಗೋದಾಮಿನ ಆಚಿಗೆ ಕಲ್ಲು ಬಿದ್ದದ್ದು ನೋಡಿ ಓಡಿದಾಂವ."

ಮೂಲೆಯಿಂದ ಅವ್ವನ ದನಿ ಬಂತು. "ಅವ್ರು ನೋಡಿರ್ಲಿಲ್ರಿ ಮಾಸ್ತರ. ನಾ ನೋಡಿದ್ದೆ. ಗುಡ್ಡದ ಮ್ಯಾಲಿಂದ ನಾನ ಚೀರಿದ್ದೆ."

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ಹೌದೇನ್ರೆವ್ವಾ? ಅಷ್ಟು ನಸಿಕಿನ್ಯಾಗ ಒಬ್ರ ಗುಡ್ಡದ ಮ್ಯಾಲ ಏನ್ ಮಾಡಾಕತ್ತಿದ್ರಿ?"

ಅವ್ವ ಬಾಯಿ ತೆರೆದಳು. ಒಮ್ಮೆ ನನ್ನ ಕಡೆ ನೋಡಿದಳು. ಎದುರಾಳಿಯ ಪ್ರಶ್ನೆ ಬಂದಾಗ ಮೂರು ಸೆಕೆಂಡಿನೊಳಗೆ ಎದ್ದು ನಿಲ್ಲಬೇಕೆಂದು ಮಕ್ಕಳಿಗೆ ಕಲಿಸುವವಳು ನಾನು. ಎದ್ದೆ.

"ಪೂಜಿಗೆ ಹೂ ತರಾಕ ಹೋಗಿದ್ಲ್ರಿ."

ಹಾಂ ಎಂದು ಇಡೀ ಪಡಸಾಲೆ ಉಸಿರು ಬಿಟ್ಟಿತು. ಆ ಬೋಳು ಬಂಡೆಗಳ ನಡುವೆ ಯಾವ ಹೂ ಬೆಳೆಯುತ್ತದೆಂದು ಒಬ್ಬರೂ ಕೇಳಲಿಲ್ಲ. ಮಾಸ್ತರರು ಎರಡೂ ಕೈ ಎತ್ತಿ ಮುಗಿದರು. "ನೋಡ್ರಿ ದೇವ್ರ ಲೀಲಾ! ಹೂವಿನ ನೆವ ಮಾಡಿ ಕಳಿಸ್ಯಾನ. ಕಾಯ್ದಾಂವ ಆಂವನ, ನಮ್ದೇನದ ಅದರಾಗ?" ಎಲ್ಲರೂ ತಲೆಯೆತ್ತಿ ಸೀಲಿಂಗ್ ಫ್ಯಾನಿನ ಕಡೆ ನೋಡಿ ಕೈಮುಗಿದರು. ಅಪ್ಪನಿಂದ ನಾನು ತರ್ಕದಿಂದ ಕಿತ್ತುಕೊಂಡದ್ದು, ಅವ್ವ ಒಂದು ಜೀವಮಾನದ ಸಂಕೋಚ ನುಂಗಿ ಎತ್ತಿಕೊಳ್ಳಹೊರಟದ್ದು, ನನ್ನ ಒಂದೇ ಮಾತಿನಿಂದ ಸ್ಥಳದಲ್ಲಿ ಇಲ್ಲದೇ ಇದ್ದವನ, ಇದ್ದಾನೆಂದು ನಾನು ನಂಬದೇ ಇರುವವನ ಹೆಸರಿಗೆ ಜಮೆಯಾಯಿತು.

ಮಂದಿ ಹೋದಮೇಲೆ ಅವ್ವ ಚಹಾದ ಕಪ್ಪುಗಳನ್ನು ಒಂದರೊಳಗೊಂದು ಇಡುತ್ತ ಅಂದಳು, "ಹೇಳಬೇಕಂತನ ಬಾಯಿ ತಗದಿದ್ದೆ. ನಿಮ್ಮಪ್ಪಗ ಬೇಕಾಗಿತ್ತಲ್ಲ, ಆಗವಲ್ದ್ಯಾಕ, ಚೊಂಬು ಅಂದ್ರ ಚೊಂಬು ಅಂತ ಗಟ್ಟಿ ಮಾಡ್ಕೊಂಡಿದ್ದೆ. ನಡುವ ನೀ ಬಾಯಿ ಹಾಕಿದಿ."

ನನಗೆ ತಕ್ಷಣ ಮೂರು ಸಮರ್ಥನೆಗಳು ಹೊಳೆದವು. ಮೂರೂ ತರ್ಕಬದ್ಧವಾಗಿಯೇ ಇದ್ದವು.