ಬಸ್ಸಿನಲ್ಲಿ ಕೂತು ಓಡಿದ ಐದು ಕಿಲೋಮೀಟರ್

ಬೇಸಿಗೆ ಬಂತೆಂದರೆ ನಮ್ಮ ಸಿಂಗಸಂದ್ರದ ಜನಕ್ಕೆ ಎರಡೇ ಯೋಚನೆ: ನೀರಿನ ಟ್ಯಾಂಕರ್ ಯಾವಾಗ ಬರುತ್ತೆ, ಹಿಮಾಲಯಕ್ಕೆ ಯಾವಾಗ ಹೋಗೋದು. ಎರಡನೆಯದಕ್ಕೂ ನನಗೂ ಸಂಬಂಧವೇ ಇರಲಿಲ್ಲ. ಮೂರನೇ ಮಹಡಿಯ ನಮ್ಮ ಮನೆಗೆ ಹತ್ತುವಾಗಲೇ, ಎರಡನೇ ಮಹಡಿಯವರ ಕ್ಷೇಮ ಸಮಾಚಾರ ಕೇಳುವ ನೆಪದಲ್ಲಿ ನಿಂತು ದಣಿವಾರಿಸಿಕೊಳ್ಳುವ ಪ್ರಾಣಿ ನಾನು.

ಹೋಗಬೇಕೆಂದು ಹಟ ಹಿಡಿದವಳು ನನ್ನ ಹೆಂಡತಿ ಪದ್ಮ. ಅತ್ತಿಬೆಲೆಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್, ದಿನವಿಡೀ ನಿಂತೇ ಇರುವ ಕೆಲಸ. ಮದುವೆಯಾದಾಗಿನಿಂದ ಅವಳು ಹಾಕಿದ ರಜೆಯೆಲ್ಲ ನನ್ನ ಮೂಲವ್ಯಾಧಿಗೆ, ನನ್ನ ತಂಗಿಯ ಬಾಣಂತನಕ್ಕೆ, ಮಗಳ ಪರೀಕ್ಷೆಗೆ ಹೋಗಿತ್ತು. "ಈ ಹತ್ತು ದಿನ ನಂದು ಕಣ್ರೀ. ಆ ಪಾಸ್ ದಾಟಿ ಆಚೆ ಕಡೆ ಇಳಿದೇ ಇಳೀತೀನಿ" ಅಂದಳು. ಪಾಸ್ ಎಂದರೆ ಎರಡು ಹಿಮದ ಬೆಟ್ಟಗಳ ಮಧ್ಯದ ದಾರಿ, ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ. ಹೋಗಲಿ ಬಿಡು ಎಂದು ನಾನು ಸುಮ್ಮನಿರಬಹುದಿತ್ತು. ಆದರೆ ನಮ್ಮ ಮನೆ ಓನರ್ ಮುನಿಯಪ್ಪನವರು ಗೇಟಿನಲ್ಲಿ ನಿಂತು, "ಏನ್ ಸಾರ್, ಅಮ್ಮಾವ್ರು ಕೆರೆ ಸುತ್ತ ಅಂಗೆ ಓಡ್ತಾವ್ರೆ, ನೀವ್ ನೋಡುದ್ರೆ ಇಂಗೆ ಪೇಪರ್ ಇಡ್ಕಂಡ್ ಕುಂತಿದೀರಲ್ಲ!" ಎಂದುಬಿಟ್ಟರು. ನನ್ನ ಗಂಡಸ್ತನ ಕೆರಳಿತು. ಅವಳ ಟ್ರೆಕ್ಕಿಗೆ ನಾನೂ ಹೆಸರು ಕೊಟ್ಟೆ.

ಕೊಟ್ಟ ಮೇಲೆ ಗೊತ್ತಾಯಿತು, ಐದು ಕಿಲೋಮೀಟರನ್ನು ನಲವತ್ತು ನಿಮಿಷದೊಳಗೆ ಓಡಿ, ಫೋನಿನಲ್ಲಿ ಬಂದ ಲೆಕ್ಕವನ್ನು ಟ್ರೆಕ್ಕಿನವರಿಗೆ ಕಳಿಸಬೇಕಂತೆ. ಒಂದು ಬೆಳಿಗ್ಗೆ ಓಡಿ ನೋಡಿದೆ, ಅರ್ಧ ಕಿಲೋಮೀಟರಿಗೇ ಕಣ್ಣು ಕತ್ತಲೆ ಬಂತು. ಆಗ ಹೊಳೆದದ್ದು ಆಫೀಸ್ ಬಸ್ಸು. ಮಾರತ್ತಹಳ್ಳಿ ಹತ್ತಿರ ಆ ಬಸ್ಸು ಹೋಗುವ ವೇಗಕ್ಕೂ ಮನುಷ್ಯ ಓಡುವ ವೇಗಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕಿಟಕಿ ಪಕ್ಕ ಕೂತು ಫೋನಿನಲ್ಲಿ ಓಟ ಶುರು ಮಾಡಿದೆ. ಜೀವನದಲ್ಲಿ ಮೊದಲ ಸಲ ಟ್ರಾಫಿಕ್ ಜಾಮ್ ಆಗಲಪ್ಪಾ ಎಂದು ದೇವರಿಗೆ ಹರಕೆ ಹೊತ್ತೆ. ನಡುವೆ ಹಾಳಾದ ರಸ್ತೆ ಖಾಲಿಯಾಗಿ ಬಸ್ಸು ಓಡತೊಡಗಿತು. ಆ ವೇಗ ಫೋನಿನ ಲೆಕ್ಕದಲ್ಲಿ ಬಂದರೆ ನನ್ನ ಕಳ್ಳಾಟ ಬಯಲಾಗುತ್ತಿತ್ತು. "ಅಣ್ಣಾ, ಸ್ವಲ್ಪ ನಿಧಾನ!" ಎಂದು ಕೂಗಿದೆ. ಡ್ರೈವರ್ ತಿರುಗಿ, "ದಿನಾ ಬೇಗ ಹೋಗು ಅಂತ ಪ್ರಾಣ ತಿಂತೀರಲ್ಲ ಸಾರ್, ಇವತ್ತೇನಾಯ್ತು ನಿಮಗೆ?" ಅಂದ. ಮೂವತ್ತೆಂಟು ನಿಮಿಷ! ಪಾಸಾದೆ.

ಬೆಟ್ಟದ ಊರುಗಳವರೆಗೆ ಎಲ್ಲ ಸುಖವಾಗಿಯೇ ಇತ್ತು. ಜೀಪಿನಿಂದಿಳಿದು ಚಹಾ ಕುಡಿಯುವುದು, ಸೇಬಿನ ತೋಟದ ಮುಂದೆ ಫೋಟೋ ತೆಗೆಸಿಕೊಳ್ಳುವುದು. ಇದಕ್ಕಾ ಇಷ್ಟೆಲ್ಲ ಓಡಿಸಿದ್ದು ಅಂದುಕೊಂಡೆ. ನಡೆಯಲು ಶುರುಮಾಡಿದ ಮೂರನೇ ದಿನದ ಸಂಜೆ, ಪಾಸಿನ ಕೆಳಗಿನ ಟೆಂಟಿನಲ್ಲಿ, ಗೈಡ್ ಎಲ್ಲರ ಬೆರಳಿಗೂ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದ. ಪದ್ಮನದು ತೊಂಬತ್ತು. ನನ್ನದು ಎಪ್ಪತ್ತೊಂದು. ಅವನ ಮುಖ ಗಂಭೀರವಾಯಿತು. ಬೆಳಿಗ್ಗೆ ಇನ್ನೊಮ್ಮೆ ನೋಡುತ್ತೇನೆ, ಏರದಿದ್ದರೆ ನೀವು ನಮ್ಮ ಹುಡುಗರ ಜೊತೆ ಕೆಳಗಿಳಿಯಬೇಕು ಎಂದ.

ತಲೆ ಸಿಡಿಯುತ್ತಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಹೆದರಿಕೆಗೆ ಬಸ್ಸಿನ ಕಥೆಯನ್ನು ಪದ್ಮನಿಗೆ ಹೇಳಿಬಿಟ್ಟೆ.

"ಬಸ್ಸಲ್ಲಿ ಕೂತ್ಕೊಂಡು ಓಡಿದ್ರಾ? ಥೂ, ನಿಮಗೇನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?" ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಅತ್ತ ತಿರುಗಿ ಮಲಗಿದಳು. ಗಂಡ ಇಳಿದರೆ ಹೆಂಡತಿಯೂ ಇಳಿಯುತ್ತಾಳೆ, ಅವಳ ಹತ್ತು ದಿನವೂ ನನ್ನಿಂದ ಹಾಳಾಯಿತು ಎಂದು ನನಗೆ ಸಂಕಟ. ಅದರ ಜೊತೆಗೇ, ಸುಳ್ಳು ಯಾಕೆ ಹೇಳಲಿ, ಒಬ್ಬನೇ ಇಳಿಯಬೇಕಿಲ್ಲವಲ್ಲ ಎಂಬ ಸಮಾಧಾನವೂ ಇತ್ತು.

ಬೆಳಿಗ್ಗೆ ಕ್ಲಿಪ್ಪಿನಲ್ಲಿ ಅರವತ್ತೊಂಬತ್ತು ಬಂತು. ಇನ್ನು ಮಾತೇ ಇರಲಿಲ್ಲ. ಗೈಡ್ ಪದ್ಮನ ಕಡೆ ತಿರುಗಿ, "ಮೇಡಂ, ನೀವು?" ಎಂದ. ಅವಳು ಬಾಯಿ ತೆರೆಯುವ ಮೊದಲೇ, ನಾನು ಸಿದ್ಧ ಮಾಡಿಕೊಂಡಿದ್ದ ತ್ಯಾಗದ ಮಾತನ್ನು ದೊಡ್ಡ ಮನಸ್ಸಿನಿಂದ ಆಡಿದೆ: "ನೀನು ಹೋಗು ಪದ್ಮ. ನನ್ನ ಚಿಂತೆ ಮಾಡ್ಬೇಡ." ನಿಮ್ಮನ್ನು ಬಿಟ್ಟು ಹೇಗ್ರೀ ಹೋಗ್ಲಿ ಎನ್ನುತ್ತಾಳೆಂದು ಕಾದೆ.

ಅವಳು ಆಗಲೇ ಶೂ ಲೇಸು ಕಟ್ಟುತ್ತಿದ್ದಳು. "ಆಯ್ತು ರೀ. ನಿಧಾನಕ್ಕೆ ಇಳೀರಿ, ಬಿಸಿನೀರು ಕುಡೀತಾ ಇರಿ. ನಿಮ್ಮ ಗ್ಲೌಸ್ ಕೊಡಿ, ನಂದು ಒದ್ದೆಯಾಗಿದೆ."

ಕೊಟ್ಟೆ. ಹಿಮದ ಮೇಲೆ ಅವಳು ಹತ್ತಿ ಹೋಗುವುದನ್ನೇ ನೋಡುತ್ತಾ ನಿಂತೆ. ಒಮ್ಮೆಯಾದರೂ ತಿರುಗುತ್ತಾಳೆ ಅಂದುಕೊಂಡೆ, ತಿರುಗಲಿಲ್ಲ. ತಿರುಗಿದ್ದರೆ ನಾನು ಖಂಡಿತ ಕೈ ಬೀಸಿ ವಾಪಸ್ ಕರೆಯುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು.