ಅತ್ತೆ ಮನೆಯ ಎದುರು ಕೆಟ್ಟ ಜೀಪು

ಧರ್ಣಪ್ಪನ ಜೀಪು ಕೆಡುತ್ತಿರಲಿಲ್ಲ. ಅವನ ಕಷ್ಟಕ್ಕೆಲ್ಲ ಅದೇ ಕಾರಣ.

ಬೆಳ್ತಂಗಡಿಯ ಒಂದು ಸರಕಾರಿ ಕಚೇರಿಗೆ ಆ ಜೀಪು ಬಂದದ್ದು ಐವತ್ತೊಂಬತ್ತರಲ್ಲಿ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಗಾಡಿ. ಹೊಳೆಯಿರಲಿ, ಕೆಸರಿರಲಿ, ಸಣ್ಣ ಗೇರು ಎಳೆದರೆ ಎಮ್ಮೆಯ ಹಾಗೆ ಮೈ ಕೊಡವಿಕೊಂಡು ಆಚೆ ದಡಕ್ಕೆ ಏರುತ್ತಿತ್ತು. ಡ್ರೈವರ್ ಧರ್ಣಪ್ಪ ಅದನ್ನು ಬಾಣಂತಿಯ ಹಾಗೆ ನೋಡಿಕೊಂಡ. ಶನಿವಾರ ಬಂತೆಂದರೆ ಅಡಿಗೆ ನುಗ್ಗಿ ಕೀಲುಕೀಲಿಗೂ ಗ್ರೀಸು ಹೊಡೆಯುತ್ತಿದ್ದ. ಹೊಳೆ ದಾಟಿ ಬಂದರೆ ಬ್ರೇಕಿನ ಡ್ರಮ್ಮು ಬಿಚ್ಚಿ ಒರಸುತ್ತಿದ್ದ. ಗೇರ್ ಬಾಕ್ಸಿನ ಆಯಿಲಿಗೆ ನೀರು ಸೇರಿದೆಯೋ ಎಂದು ಬೆರಳಲ್ಲಿ ಅದ್ದಿ ನೋಡುತ್ತಿದ್ದ.

ಇದರಿಂದಾಗಿ ಬೇರೆ ಕಚೇರಿಗಳ ಜೀಪುಗಳು ಆಗಾಗ ಶೆಡ್ಡಿನಲ್ಲಿ ಮಲಗಿ, ಅವುಗಳ ಡ್ರೈವರುಗಳು ಮನೆಯಲ್ಲಿ ಮಲಗುತ್ತಿದ್ದರೆ, ಧರ್ಣಪ್ಪನಿಗೆ ಮಾತ್ರ ರಜೆಯೇ ಇಲ್ಲ. ನಿಜವಾದ ಬಾಣಂತಿ ಅವನ ಹೆಂಡತಿ ವಾರಿಜಾಕ್ಷಿ, ಮೂಡುಬಿದಿರೆಯ ತಾಯಿಮನೆಯಲ್ಲಿದ್ದಳು. ಹೆಣ್ಣು ಮಗು ಹುಟ್ಟಿ, ಅದಕ್ಕೆ ಹೆಸರಿಟ್ಟೂ ಆಗಿತ್ತು. ಅಪ್ಪ ಮಾತ್ರ ಮಗುವಿನ ಮುಖ ನೋಡಿರಲಿಲ್ಲ. ದಾರಿಬದಿಯ ಯಾವ ಮನೆಯಲ್ಲಿ ಮಗು ಅತ್ತರೂ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು.

ಆ ದಿನ ಅವನ ಆಫೀಸರು ಕುಶಾಲಪ್ಪನವರಿಗೆ ಮೂಡುಬಿದಿರೆಯಲ್ಲಿ ಮೀಟಿಂಗಿತ್ತು. ವೇಣೂರು ದಾಟಿ ಇನ್ನೇನು ಪೇಟೆ ಬರಬೇಕು ಅನ್ನುವಲ್ಲಿ ಅತ್ತೆಮನೆ. ಅಂಗಳದ ಗೇಟಿನಲ್ಲಿ ವಾರಿಜಾಕ್ಷಿ ಮಗುವನ್ನೆತ್ತಿಕೊಂಡು ನಿಂತಿದ್ದಳು.

"ಸರ್, ಒಂದು ನಿಮಿಷ..."

"ಲೇಟಾಯ್ತು ಮಾರಾಯ, ಹೋಗುವ ಹೋಗುವ."

ಜೀಪಿನ ಧೂಳಿನ ನಡುವೆ ಧರ್ಣಪ್ಪನಿಗೆ ಕಂಡದ್ದು ಒಂದು ಕೆಂಪು ಕುಲಾವಿ ಮಾತ್ರ. ಮೀಟಿಂಗು ಮುಗಿಯುವವರೆಗೂ ಆ ಕುಲಾವಿ ಅವನ ಕಣ್ಣಿನಿಂದ ಹೋಗಲಿಲ್ಲ. ಹೊರಡುವ ಹೊತ್ತಿಗೆ, ಜೀವಮಾನದಲ್ಲಿ ಮೊದಲ ಸಲ, ತನ್ನ ಜೀಪಿಗೆ ಕೆಟ್ಟದ್ದನ್ನು ಬಯಸಿದ.

ವಾಪಸು ಬರುವಾಗ ಅತ್ತೆಮನೆ ಕಂಡದ್ದೇ ತಡ, ಕುಶಾಲಪ್ಪನವರು ಆಚೆ ನೋಡುತ್ತಿದ್ದಾಗ ಅವನು ಮೆಲ್ಲ ಕೀ ತಿರುಗಿಸಿದ. ಜೀಪು ಉಸಿರು ಬಿಟ್ಟು ಸರಿಯಾಗಿ ಗೇಟಿನೆದುರು ನಿಂತಿತು. ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಹೆಬ್ಬೆರಳಿನಷ್ಟು ದೊಡ್ಡ ರೋಟರನ್ನು ತೆಗೆದು ಕಿಸೆಗೆ ಹಾಕಿಕೊಂಡ.

"ಸ್ಟಾರ್ಟೇ ಆಗುವುದಿಲ್ಲ ಸರ್. ನೀವು ಒಳಗೆ ಕೂತುಕೊಳ್ಳಿ. ಇದು ನನ್ನ ಹೆಂಡತಿಯ ಮನೆ."

"ಗೊತ್ತುಂಟು," ಎಂದು ಕುಶಾಲಪ್ಪನವರು ನಕ್ಕರು. ಅತ್ತೆ ಸೇಸಮ್ಮ ಓಡಿಬಂದು, "ಬನ್ನಿ ಸ್ವಾಮಿ, ಕಾಫಿ ಆಗ್ಲಿ" ಎಂದು ಅವರನ್ನು ಜಗಲಿಗೆ ಕರೆದೊಯ್ದಳು.

ಧರ್ಣಪ್ಪ ಹಿಂದೆಯೇ ಹೊರಟ. ಅಷ್ಟರಲ್ಲಿ ಎದುರು ಮನೆಯ ಅಬ್ದುಲ್ ರವೂಫ್ ಬ್ಯಾರಿಗಳು ಲುಂಗಿ ಎತ್ತಿಕಟ್ಟುತ್ತಾ ಬಂದರು. ಹಿಂದೆ ಲಾರಿ ಓಡಿಸಿದವರು; ಕೆಟ್ಟ ಗಾಡಿ ಕಂಡರೆ ಮದುವೆ ಮನೆ ಕಂಡಷ್ಟು ಖುಷಿ.

"ಕರೆಂಟು ಬರ್ತದಾ ನೋಡುವ," ಎಂದು ಅವರು ರೋಟರು ತೆಗೆದ ಜಾಗದ ಮುಚ್ಚಳಕ್ಕೇ ಕೈ ಹಾಕಿದರು.

"ಅಲ್ಲಲ್ಲ ಬ್ಯಾರಿಗಳೇ! ಕೆಳಗೆ... ಗೇರ್ ಬಾಕ್ಸ್ ಹಿಡಿದುಕೊಂಡದ್ದು!" ಎಂದು ಕೂಗಿ ಧರ್ಣಪ್ಪ ಜೀಪಿನ ಅಡಿಗೆ ನುಗ್ಗಿದ.

"ಗೇರ್ ಬಾಕ್ಸಾ? ಹಾಗಾದ್ರೆ ದೊಡ್ಡ ಕೆಲಸ ಉಂಟು. ನೀನು ಬಿಚ್ಚು, ನಾನು ಹೇಳ್ತೇನೆ." ರವೂಫ್ ಚಕ್ರದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

ಇನ್ನು ಏಳುವ ಹಾಗಿಲ್ಲ. ಧರ್ಣಪ್ಪ ಒಂದು ಬೋಲ್ಟು ಸಡಿಲಿಸಿ, ಅದನ್ನೇ ಬಿಗಿಮಾಡಿ, ಮತ್ತೆ ಸಡಿಲಿಸುತ್ತಾ ಮಲಗಿದ. ಅಲ್ಲಿಂದ ಜಗಲಿ ಅಡ್ಡಡ್ಡವಾಗಿ ಕಾಣುತ್ತಿತ್ತು. ಕುಶಾಲಪ್ಪನವರ ಬೂಟು. ಅವರ ತೊಡೆಯಿಂದ ಇಳಿಬಿದ್ದ ಎರಡು ಪುಟ್ಟ ಪಾದ. ಮಗು ಕೇಕೆ ಹಾಕಿ ನಕ್ಕಿತು. ಮಗಳ ನಗು ಹೀಗಿರುತ್ತದೆಂದು ಅವನಿಗೆ ಗೊತ್ತಾದದ್ದು ಆಗ, ಗೇರ್ ಬಾಕ್ಸಿನ ಕೆಳಗೆ.

ಸ್ವಲ್ಪ ಹೊತ್ತಿಗೆ ಗೆಜ್ಜೆಯಿರುವ ಎರಡು ಕಾಲುಗಳು ಬಂದು ಚಕ್ರದ ಬಳಿ ನಿಂತವು.

"ಬರುವುದಿಲ್ಲವಾ?" ವಾರಿಜಾಕ್ಷಿ ಪಿಸುಗುಟ್ಟಿದಳು. "ಮಗುವಿಗೆ ನಿಮ್ಮದೇ ಮೂಗು."

"ಈಗ ಬಂದೆ," ಎಂದ ಧರ್ಣಪ್ಪ. ಕೈ ಚಾಚಿದರೆ ಅವಳ ಕಾಲುಂಗುರ ಸಿಗುತ್ತಿತ್ತು. ಚಾಚಿದ.

"ಅಲ್ಲಿ ಅಲ್ಲ, ಸ್ಪಾನರ್ ಇಲ್ಲಿ ಉಂಟು," ಎಂದು ರವೂಫ್ ಆ ಕೈಗೆ ಸ್ಪಾನರು ಕೊಟ್ಟರು.

ಮಸೀದಿಯಿಂದ ಸಂಜೆಯ ಬಾಂಕ್ ಕೇಳಿದ ಮೇಲೆ ರವೂಫ್ ನಮಾಜಿಗೆ ಎದ್ದರು. ಧರ್ಣಪ್ಪ ಹೊರಗೆ ಉರುಳಿ, ರೋಟರನ್ನು ಅದರ ಜಾಗಕ್ಕೆ ಸೇರಿಸಿ ಜಗಲಿಗೆ ಓಡಿದ. ಮೈಯೆಲ್ಲ ಗ್ರೀಸು, ಕಣ್ಣು ಮಾತ್ರ ಬೆಳ್ಳಗೆ.

"ಶ್!" ಎಂದರು ಕುಶಾಲಪ್ಪನವರು. "ಈಗಷ್ಟೇ ನಿದ್ದೆ ಹೋಯ್ತು. ಆ ಕೈಯಲ್ಲಿ ಮುಟ್ಟಬೇಡ."

ಅವರು ಮಗುವನ್ನು ಮೆಲ್ಲ ತಾಯಿಯ ಕೈಗಿತ್ತು ಅವನನ್ನು ಅಂಗಳಕ್ಕೆ ಕರೆದರು.

"ನೋಡು ಧರ್ಣಪ್ಪ, ನಿನಗೆ ಹೇಳಿರಲಿಲ್ಲ. ಒಂದು ವಾರ ರಜೆ ಕೊಟ್ಟು ನಿನ್ನನ್ನು ಇಲ್ಲೇ ಇಳಿಸುವ ಅಂತ ಬೆಳಿಗ್ಗೆಯೇ ನಿಶ್ಚಯ ಮಾಡಿದ್ದೆ. ಜೀಪು ನಾನೇ ಬಿಟ್ಟುಕೊಂಡು ಹೋಗುವವನು. ಊರಲ್ಲಿ ನಮ್ಮ ತೋಟದ ಜೀಪು ಬಿಟ್ಟವ ನಾನು. ಇಲ್ಲಿ ನಿಲ್ಲಿಸು ಅನ್ನಲಿಕ್ಕೆ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅದೇ ನಿಂತಿತು."

ಧರ್ಣಪ್ಪ ಜೀಪಿನ ಕಡೆಗೆ ಕೈ ತೋರಿಸಿದ. "ಈಗ ಸರಿಯಾಗಿದೆ ಸರ್! ಏನೂ ತೊಂದರೆ ಇಲ್ಲ. ನೀವು ಧೈರ್ಯವಾಗಿ ಹೋಗಬಹುದು!"

"ನೀನೇ ಇಷ್ಟು ಹೊತ್ತು ಅಡಿಯಲ್ಲಿ ಒದ್ದಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಗೇರ್ ಬಾಕ್ಸ್ ಹಿಡಿಯುವ ಜೀಪನ್ನು ನಾನೊಬ್ಬನೇ ಬಿಡುವುದಾ? ಬೇಡಪ್ಪ. ಹತ್ತು. ನಾಳೆ ಮಂಗಳೂರಿಗೆ ಒಯ್ದು ಎಲ್ಲ ಬಿಚ್ಚಿಸಿ ನೋಡಿಸು. ಎಷ್ಟು ದಿನ ಆದರೂ ಚಿಂತೆಯಿಲ್ಲ, ನೀನು ಅಲ್ಲೇ ನಿಲ್ಲು. ರಜೆ ಆಮೇಲೆ ನೋಡುವ."

ಕಿಸೆಯಲ್ಲಿ ಅಡಗಿಸಿಟ್ಟಿದ್ದ ರೋಟರಿನ ಕಥೆ ಧರ್ಣಪ್ಪನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಕೆಲಸವೇ ಹೋಗುತ್ತದೆ ಎಂಬುದೂ ನೆನಪಾಯಿತು. ನುಂಗಿಕೊಂಡ.

ಜೀಪು ಮೊದಲ ಒತ್ತಿಗೇ ಸ್ಟಾರ್ಟ್ ಆಯಿತು. ಗೇಟಿನಲ್ಲಿ ವಾರಿಜಾಕ್ಷಿ, ನಿದ್ದೆಯಲ್ಲಿದ್ದ ಮಗುವಿನ ಪುಟ್ಟ ಕೈಯನ್ನು ತಾನೇ ಎತ್ತಿ ಆಡಿಸಿದಳು. ತಿರುಗಿ ಕೈಬೀಸಲು ಅವನ ಎರಡು ಕೈಗಳೂ ಸ್ಟಿಯರಿಂಗಿನ ಮೇಲಿದ್ದವು.

"ಮೆಲ್ಲ ಹೋಗು ಧರ್ಣಪ್ಪ," ಎಂದರು ಕುಶಾಲಪ್ಪನವರು, "ಪಾಪ, ಗಾಡಿಗೆ ಹುಷಾರಿಲ್ಲ."